ಮೊದಲ ಸಾಲಿನ ಸೀಟು

ಬೋವಿಕಾನ ಪೇಟೆಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಅಂಗಡಿಗಳು ಮೂರಿದ್ದವು. ಆದರೂ ಏನಾದರೂ ಕೇಳಿ ತಿಳಿದುಕೊಳ್ಳಬೇಕು ಎಂದಿದ್ದವರು ನಮಿತಾಳ ಹತ್ತಿರವೇ ಬರುತ್ತಿದ್ದರು. ಉಳಿದಿಬ್ಬರು ಕಂಪ್ಯೂಟರ್ ನೋಡಿ ದರ ಹೇಳುತ್ತಿದ್ದರು. ನಮಿತಾ ಎದುರಿಗೆ ಕೂತವರನ್ನು ನೋಡಿ ವಿಮಾನ ಹೇಳುತ್ತಿದ್ದಳು. ಕೈಗೂಸು ಇದ್ದವಳಿಗೆ ಒಂದು, ಸಕ್ಕರೆ ಕಾಯಿಲೆಯ ಮುದುಕರಿಗೆ ಇನ್ನೊಂದು, ಮೊದಲ ಸಲ ಗಲ್ಫಿಗೆ ಹೊರಟು ಕೈಕಾಲು ನಡುಗುವ ಹುಡುಗನಿಗೆ ಮತ್ತೊಂದು. ಹನ್ನೊಂದು ವರ್ಷಗಳಿಂದ ಅಂಗಡಿ ನಡೆಸುತ್ತಿದ್ದ ಅವಳು ಸ್ವತಃ ವಿಮಾನ ಹತ್ತಿದ್ದು ಒಂದೇ ಸಲ, ಅದೂ ಮುಂಬಯಿಗೆ, ಹಿಂದಿನ ಸಾಲಿನ ನಡುವಿನ ಸೀಟಿನಲ್ಲಿ. ಇದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ, ಕೇಳಿದವರೂ ಇರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಶ್ಮಿತಾ ಅಂಗಡಿಗೆ ಬಂದಳು. ಕಾರಡ್ಕದ ಕಡೆಯವಳು, ಅಂಗನವಾಡಿಯಲ್ಲಿ ಸಹಾಯಕಿ. ಅವಳ ಗಂಡ ಲತೇಶ ಶಾರ್ಜಾದಲ್ಲಿ ಟೈಲ್ಸ್ ಕೂರಿಸುವ ಕೆಲಸದಲ್ಲಿದ್ದ. ಮೂರು ವಾರದ ಹಿಂದೆ ಅಟ್ಟಣಿಗೆಯಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮೂರು ಚೂರಾಗಿ, ಅಲ್ಲಿಯೇ ಆಪರೇಷನ್ ಮಾಡಿ ಪ್ಲೇಟ್ ಕೂರಿಸಿದ್ದರು. ಇಷ್ಟು ಸಂಗತಿ ನಮಿತಾಳಿಗೆ ಮೊದಲೇ ಗೊತ್ತಿತ್ತು. ಲತೇಶನ ಪ್ರತಿಯೊಂದು ಟಿಕೆಟನ್ನೂ ಮಾಡಿದವಳು ಅವಳೇ.

"ಬರಲಿಕ್ಕೆ ಡಾಕ್ಟ್ರು ಒಪ್ಪಿದ್ದಾರೆ ನಮಿತಕ್ಕ. ಆದ್ರೆ ಕಾಲು ಮಡಚಲಿಕ್ಕೆ ಇಲ್ಲ ಅಂತೆ. ತೊಡೆಯಿಂದ ಹಿಮ್ಮಡಿವರೆಗೆ ಬ್ರೇಸ್ ಅಂತ ಗಟ್ಟಿ ಪಟ್ಟಿ ಕಟ್ಟಿದ್ದಾರೆ. ಇನ್ನೂ ಆರು ವಾರ ನೇರ ಇಡಲೇಬೇಕಂತೆ," ಎಂದು ಅಶ್ಮಿತಾ ಫೋನಿನಲ್ಲಿದ್ದ ಕಾಗದದ ಚಿತ್ರವನ್ನು ತೋರಿಸಿದಳು. "ಕಂಪನಿಯವರು ಸಾದಾ ಟಿಕೆಟಿನ ದುಡ್ಡು ಮಾತ್ರ ಕೊಡ್ತಾರಂತೆ. ಉಳಿದದ್ದು ನಾವು ಹಾಕ್ಬೇಕು. ಸಾದಾ ಸೀಟಲ್ಲಿ ಆಗ್ಲಿಕ್ಕಿಲ್ಲ ಅಲ್ವಾ?"

"ಸಾದಾ ಸೀಟಲ್ಲಿ ಅವನ ಕಾಲು ಎದುರಿನವನ ಬೆನ್ನಿಗೆ ಹೋದೀತು," ಎಂದಳು ನಮಿತಾ. "ಬಿಸಿನೆಸ್ ಕ್ಲಾಸೇ ಆಗ್ಬೇಕು. ಅದ್ರಲ್ಲೂ ಯಾವುದು ಅಂತ ನೋಡ್ಬೇಕು. ಹೆಸರು ಒಂದೇ, ಸೀಟು ಬೇರೆ ಬೇರೆ."

ಇದು ನಮಿತಾಳಿಗೆ ಇಷ್ಟವಾದ ವಿಷಯ. ಪೆರ್ಲದ ಒಬ್ಬ ಅಡಿಕೆ ವ್ಯಾಪಾರಿ, ಒಬ್ಬಿಬ್ಬರು ಡಾಕ್ಟರುಗಳು ಬಿಟ್ಟರೆ ಅವಳ ಅಂಗಡಿಯಲ್ಲಿ ಬಿಸಿನೆಸ್ ಕ್ಲಾಸ್ ಕೇಳುವವರು ಇರಲಿಲ್ಲ. ಆದರೂ ಅವಳು ಬಿಡುವಿದ್ದಾಗಲೆಲ್ಲ ಆ ಸೀಟುಗಳ ಚಿತ್ರ, ಅಳತೆ, ಹೋಗಿಬಂದವರು ಬರೆದ ಮಾತು ಎಲ್ಲವನ್ನೂ ಓದುತ್ತಿದ್ದಳು. ಮೂರು ನಾಲ್ಕು ಗಂಟೆಯ ಪ್ರಯಾಣಕ್ಕೆ ಯಾವ ಕಂಪನಿ ಏನು ಕೊಡುತ್ತದೆ ಎಂಬುದು ಅವಳಿಗೆ ಬಾಯಿಪಾಠವಿತ್ತು. ದರಿಯಾ ಏರ್‌ವೇಸಿನ ಎಲ್ಲಾ ವಿಮಾನಗಳಲ್ಲೂ ಒಂದೇ ಬಗೆ: ಆಚೆ ಎರಡು, ಈಚೆ ಎರಡು, ಸೋಫಾದಂಥ ಅಗಲ ಸೀಟು. ಮೊದಲ ಸಾಲಿನಲ್ಲಿ ಕಾಲು ನೇರ ಚಾಚಿದರೂ ಎದುರಿನ ಗೋಡೆಗೆ ತಾಗುವುದಿಲ್ಲ. ಬಿಸಿ ಊಟ, ಪಿಂಗಾಣಿ ತಟ್ಟೆಯಲ್ಲಿ. ಮರ್ಜಾನ್ ಏರ್‌ನಲ್ಲಿ ಎರಡು ಬಗೆಯ ವಿಮಾನ. ಒಂದರಲ್ಲಿ ದರಿಯಾದ ಹಾಗೆಯೇ ಅಗಲ ಸೀಟು. ಇನ್ನೊಂದರಲ್ಲಿ ಹಿಂದಿನವರಿಗೆ ಇರುವ ಸೀಟೇ ಮುಂದಿನವರಿಗೂ. ಒಂದು ಬದಿಯ ಮೂರು ಸೀಟಿನಲ್ಲಿ ನಡುವಿನದ್ದನ್ನು ಖಾಲಿ ಬಿಟ್ಟು, ಅದರ ಮೇಲೆ ಒಂದು ಹಲಗೆ ಕೂರಿಸಿ, ಹಿಂದೆ ಒಂದು ಪರದೆ ಎಳೆದು ಅದಕ್ಕೂ ಬಿಸಿನೆಸ್ ಎನ್ನುತ್ತಾರೆ. ಊಟ ಮಾತ್ರ ಚೆನ್ನಾಗಿರುತ್ತದೆ.

"ಮಂಗಳೂರಿಗೆ ಬರುವ ಬುಧವಾರದ ಮರ್ಜಾನ್ ಅಗಲ ಸೀಟಿನದ್ದು," ಎಂದು ನಮಿತಾ ಪರದೆಯನ್ನು ಅಶ್ಮಿತಾಳ ಕಡೆ ತಿರುಗಿಸಿದಳು. "ಮೂವತ್ತೆಂಟು ಸಾವಿರ. ದರಿಯಾ ಅರವತ್ತೊಂದು. ಸುಮ್ಮನೆ ಇಪ್ಪತ್ತಮೂರು ಸಾವಿರ ಯಾಕೆ ಜಾಸ್ತಿ ಹಾಕ್ತಿ? ಸೀಟು ಅದೇ. ದರಿಯಾದಲ್ಲಿ ಬಿಸಿ ಟವೆಲ್ ಕೊಡ್ತಾರೆ, ಹಣ್ಣಿನ ರಸ ಗಾಜಿನ ಲೋಟದಲ್ಲಿ ಕೊಡ್ತಾರೆ, ಅಷ್ಟೇ ವ್ಯತ್ಯಾಸ."

"ಲೋಟ ನಮಗೆಂತಕ್ಕೆ," ಎಂದು ಅಶ್ಮಿತಾ ಮೂರು ವಾರಗಳಲ್ಲಿ ಮೊದಲ ಸಲವೋ ಏನೋ ನಕ್ಕಳು. "ಕಾಲು ನೀಡಲಿಕ್ಕೆ ಆಗ್ತದಲ್ಲ?"

"ಮೊದಲ ಸಾಲು ಹಾಕಿ ಕೊಡ್ತೇನೆ. ಮಲಗಿಕೊಂಡ ಹಾಗೆ ಬಂದಾನು."

ಹಾಗೆ ಟಿಕೆಟ್ ಆಯಿತು. ವೈದ್ಯರಿಂದ ತುಂಬಿಸಬೇಕಾದ ಫಾರಂ ಯಾವುದು, ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಕೇಳುವುದು ಹೇಗೆ, ಎಲ್ಲವನ್ನೂ ನಮಿತಾ ಲತೇಶನಿಗೇ ಫೋನು ಮಾಡಿ ಹೇಳಿದಳು. "ನೀವಿದ್ದೀರಿ ಅಂತ ಧೈರ್ಯ ನಮಿತಕ್ಕ," ಎಂದ ಅವನು.

ಬುಧವಾರಕ್ಕೆ ಇನ್ನು ನಾಲ್ಕು ದಿನ ಇರುವಾಗ, ಶನಿವಾರ, ನಮಿತಾ ಅತ್ತಿಗೆಯ ತಂಗಿಯ ಸೀಮಂತದ ಊಟಕ್ಕೆ ಮುಳ್ಳೇರಿಯಕ್ಕೆ ಹೋಗಿದ್ದಳು. ಎರಡನೇ ಪಂಕ್ತಿಯಲ್ಲಿ ಕೂತು ಎಲೆಗೆ ಸಾರು ಬರುವುದರೊಳಗೆ ಫೋನು ಸದ್ದು ಮಾಡಿತು. ಮರ್ಜಾನ್ ಏರ್‌ನಿಂದ ಮಿಂಚಂಚೆ. ಪ್ರಯಾಣದ ವಿವರದಲ್ಲಿ ಬದಲಾವಣೆ ಉಂಟು, ಒಪ್ಪಿಗೆಯೇ ಎಂದು ಕೇಳಿತ್ತು. ಇಂಥವು ವಾರಕ್ಕೆ ಹತ್ತು ಬರುತ್ತವೆ. ಹೆಚ್ಚಿನವು ಐದು ನಿಮಿಷ ಆಚೀಚೆ ಆದದ್ದಕ್ಕೆ. ಎಡಗೈಯ ಹೆಬ್ಬೆರಳಿನಲ್ಲಿ ಅವಳು ಒಪ್ಪಿಗೆಯನ್ನು ಒತ್ತಿದಳು. ಸಾರು ಬಂತು.

ಇಷ್ಟೇ ಆಗಿದ್ದರೆ ಅದನ್ನು ಮರೆವು ಎನ್ನಬಹುದಿತ್ತು. ಆದರೆ ಸಂಜೆ ಮನೆಗೆ ಬಂದು ಸೀರೆ ಬದಲಾಯಿಸುವ ಮೊದಲು ಅವಳಿಗೆ ಯಾಕೋ ಅದು ನೆನಪಾಯಿತು. ತೆರೆದು ನೋಡಿದಳು. ಹೊರಡುವ ಹೊತ್ತು ಅದೇ, ಬೆಳಿಗ್ಗೆ ಹತ್ತೂವರೆ. ಲತೇಶನ ಸೀಟೂ ಅದೇ, ಒಂದನೇ ಸಾಲಿನ ಕಿಟಕಿ ಬದಿ. ಆದರೆ ಸೀಟುಗಳ ನಕ್ಷೆಯಲ್ಲಿ ಬಿಸಿನೆಸ್ ಕ್ಲಾಸಿಗೆ ಮೊದಲು ಎರಡು ಸಾಲು ಇದ್ದದ್ದು ಈಗ ನಾಲ್ಕು ಸಾಲು ಆಗಿತ್ತು.

ನಾಲ್ಕು ಸಾಲು ಎಂದರೆ ಏನೆಂದು ಬೋವಿಕಾನದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನಮಿತಾಳಿಗೆ. ಅಷ್ಟೇ ಜಾಗದಲ್ಲಿ ನಾಲ್ಕು ಸಾಲು ಹಿಡಿಯಬೇಕಾದರೆ ಅದು ಆ ಇನ್ನೊಂದು ಬಗೆಯ ವಿಮಾನ.

ಅವಳು ದರಿಯಾದ ದರ ನೋಡಿದಳು. ಎಪ್ಪತ್ತನಾಲ್ಕು ಸಾವಿರಕ್ಕೆ ಏರಿತ್ತು. ಮರ್ಜಾನ್‌ನ ಹಣ ಹಿಂದೆ ಬರಬೇಕಾದರೆ ವಾರಗಳು ಹಿಡಿಯುತ್ತವೆ, ಒಪ್ಪಿಗೆ ಒತ್ತಿದ ಮೇಲೆ ಬರುತ್ತದೆಯೋ ಇಲ್ಲವೋ. ಅಶ್ಮಿತಾಳಿಗೆ ಫೋನು ಮಾಡಿ ಏನೆಂದು ಹೇಳುವುದು? ಇಪ್ಪತ್ತಮೂರು ಸಾವಿರ ಉಳಿಸಿಕೊಟ್ಟೆ ಎಂದು ಹೇಳಿದ ಬಾಯಲ್ಲೇ ಮೂವತ್ತಾರು ಸಾವಿರ ಹೆಚ್ಚು ತಾ ಎಂದು ಹೇಳುವುದು ಹೇಗೆ? ಮೊದಲ ಸಾಲಿನಲ್ಲಿ ಹೇಗೂ ಸ್ವಲ್ಪ ಜಾಗ ಹೆಚ್ಚಿರುತ್ತದೆ. ಪಕ್ಕದ ಸೀಟು ಖಾಲಿ ಇರುತ್ತದೆ. ಬಿಸಿನೆಸ್ ಎಂದ ಮೇಲೆ ಅವರೇ ಏನಾದರೂ ಮಾಡಿಕೊಡುತ್ತಾರೆ. ನಕ್ಷೆಯೇ ತಪ್ಪಿರಲೂಬಹುದು.

ಹೀಗೆ ಒಂದರ ಮೇಲೊಂದು ಸಮಾಧಾನ ಪೇರಿಸಿ, ಸೋಮವಾರ ನೋಡೋಣ ಎಂದುಕೊಂಡು ಅವಳು ಫೋನು ಮಡಗಿದಳು. ಸೋಮವಾರ ಯಾತ್ರೆಗೆ ಹೋಗುವ ನಲವತ್ತು ಜನರ ಗುಂಪಿನ ಟಿಕೆಟ್ ಇತ್ತು. ಮಂಗಳವಾರ ಕರೆಂಟ್ ಇರಲಿಲ್ಲ. ಇದ್ದಿದ್ದರೂ ಅವಳು ನೋಡುತ್ತಿದ್ದಳೋ ಎಂದು ಆಮೇಲೆ ಅವಳೇ ತನ್ನನ್ನು ಎಷ್ಟೋ ಸಲ ಕೇಳಿಕೊಂಡಳು.

ಬುಧವಾರ ಹನ್ನೆರಡು ಗಂಟೆಗೆ ಹತ್ತು ನಿಮಿಷ ಇರುವಾಗ ಅಶ್ಮಿತಾಳ ಕರೆ ಬಂತು. ಶಾರ್ಜಾದಲ್ಲಿ ಆಗ ಹತ್ತು ಗಂಟೆ ಕಳೆದು ಇಪ್ಪತ್ತು ನಿಮಿಷ. ಮಂಗಳೂರಿಗೆ ಹೊರಡಲು ಜೀಪು ಮನೆಯೆದುರು ಬಂದು ನಿಂತಿತ್ತು. ಅವಳು ಒಂದು ಕಿವಿಗೆ ತನ್ನ ಫೋನು, ಇನ್ನೊಂದಕ್ಕೆ ಮಾವನ ಫೋನು ಹಿಡಿದುಕೊಂಡಿದ್ದಳು. ಮಾವನ ಫೋನಿನಲ್ಲಿ ಲತೇಶ ಇದ್ದ.

"ನಮಿತಕ್ಕ, ಅವರು ವಿಮಾನದ ಬಾಗಿಲ ಹತ್ರ ಇದ್ದಾರೆ. ಸೀಟು ಸಣ್ಣದಂತೆ. ಬಸ್ಸಿನ ಸೀಟಿನ ಹಾಗೆ ಉಂಟಂತೆ. ಕಾಲು ನೇರ ಇಟ್ರೆ ಗೋಡೆಗೆ ತಾಗ್ತದಂತೆ. ಪಕ್ಕದ ಸೀಟಿನ ಮೇಲೆ ಇಡ್ತೇನೆ ಅಂದ್ರೆ ಹಾರುವಾಗ ಹಾಗೆ ಇಡಲಿಕ್ಕೆ ಬಿಡುದಿಲ್ಲ ಅಂತ ವಿಮಾನದವರು ಹೇಳ್ತಿದ್ದಾರೆ. ಮಡಚಲಿಕ್ಕೆ ಆದ್ರೆ ಬನ್ನಿ, ಇಲ್ಲದಿದ್ರೆ ಇಳೀರಿ, ಬರುವ ಶನಿವಾರ ದೊಡ್ಡ ವಿಮಾನ ಉಂಟು ಅಂತಾರಂತೆ. ಎಂತ ಮಾಡುದು?"

ನಾಲ್ಕು ಸಾಲಿನ ನಕ್ಷೆ ನಮಿತಾಳ ಕಣ್ಣೆದುರು ಬಂತು. ಆದರೆ ಮಾತಿಗೆ ತಡವರಿಸಲಿಲ್ಲ. ಹನ್ನೊಂದು ವರ್ಷದಿಂದ ಕೇಳಿದವರಿಗೆಲ್ಲ ಉತ್ತರ ಕೊಟ್ಟು ಅಭ್ಯಾಸವಾಗಿತ್ತು.

"ಮೂರೂವರೆ ಗಂಟೆ ಅಲ್ವಾ ಅಶ್ಮಿತಾ. ಬ್ರೇಸಿನಲ್ಲಿ ಸ್ವಲ್ಪ ಮಡಚುವ ತಿರುಗಣೆ ಇರ್ತದೆ. ಹಾರುವಾಗ ಮತ್ತೆ ಇಳಿಯುವಾಗ ಸ್ವಲ್ಪ ಮಡಚಿದ್ರೆ ಸಾಕು, ನಡುವಿನಲ್ಲಿ ಪಕ್ಕದ ಸೀಟಿನ ಮೇಲೆ ಇಡಬಹುದು. ಇಳಿದ್ರೆ ಮತ್ತೆ ಶನಿವಾರದ್ದು ಸಿಗ್ತದೆ ಅಂತ ಹೇಗೆ ಹೇಳುದು. ಬರಲಿ ಅಂತ ಹೇಳು."

ಅಶ್ಮಿತಾ ಇನ್ನೊಂದು ಫೋನಿಗೆ ಹೇಳಿದ್ದು ನಮಿತಾಳಿಗೂ ಕೇಳಿಸಿತು. "ಬರಬಹುದಂತೆ. ನಮಿತಕ್ಕ ಹೇಳಿದ್ರು."

ಲತೇಶ ಅಲ್ಲಿ, ತನ್ನ ಜವಾಬ್ದಾರಿಯಲ್ಲೇ ಹತ್ತುತ್ತೇನೆ ಎಂಬ ಒಂದು ಕಾಗದಕ್ಕೆ ಸಹಿ ಹಾಕಿ ಒಳಗೆ ಹೋದ.

ನಡುವಿನ ಸೀಟಿನ ಮೇಲಿದ್ದ ಹಲಗೆ ಕಳಚುವಂಥದ್ದಾಗಿರಲಿಲ್ಲ. ಕಾಲನ್ನು ಅದರ ಮೇಲೆ ಎತ್ತಿಡಲು ನೋಡಿದ, ಆಗಲಿಲ್ಲ. ಮೂರೂವರೆ ಗಂಟೆ ಅವನು ಬ್ರೇಸಿನ ತಿರುಗಣೆ ಸಡಿಲಿಸಿ ಕಾಲು ಮಡಚಿಯೇ ಕೂತ. ಪಿಂಗಾಣಿ ತಟ್ಟೆಯಲ್ಲಿ ಕೊಟ್ಟ ಊಟವನ್ನು ಮುಟ್ಟಲಿಲ್ಲ. ಮಂಗಳೂರಿನಲ್ಲಿ ಇಳಿಸುವಾಗ ಅವನ ಬಣ್ಣವೇ ಇಳಿದುಹೋಗಿತ್ತು, ಪಾದ ಊದಿ ಹೊಳೆಯುತ್ತಿತ್ತು. ಅಶ್ಮಿತಾ ಅವನನ್ನು ಮನೆಗೆ ಕರೆತರದೆ ನೇರ ಆಸ್ಪತ್ರೆಗೆ ಕೊಂಡುಹೋದಳು. ಪ್ಲೇಟಿನ ಎರಡು ಸ್ಕ್ರೂ ಸಡಿಲಾಗಿ ಕೂಡಿಕೊಳ್ಳುತ್ತಿದ್ದ ಮೂಳೆ ಜಾರಿತ್ತು. ಶುಕ್ರವಾರ ಎರಡನೇ ಆಪರೇಷನ್ ಆಯಿತು.

ನಮಿತಾ ಆಸ್ಪತ್ರೆಗೆ ಹೋದಳು, ಕಿತ್ತಳೆ ಹಣ್ಣು ಕೊಂಡುಹೋದಳು. ಲತೇಶ ಮಲಗಿದಲ್ಲಿಂದಲೇ, "ನಿಮಗೆ ಇಷ್ಟು ದೂರ ಬರುವ ಕಷ್ಟ ಎಂತಕ್ಕೆ ನಮಿತಕ್ಕ," ಎಂದ. ಹೊರಗೆ ವರಾಂಡದಲ್ಲಿ ಅಶ್ಮಿತಾ ಮೆಲ್ಲಗೆ ಹೇಳಿದಳು:

"ಇನ್ನು ಮೊಣಕಾಲು ಪೂರ್ತಿ ಮಡಚುದು ಕಷ್ಟ ಅಂತಾರೆ. ವಿಮಾನದಲ್ಲೇ ಜಾರಿದ್ದಾ, ಮೊದಲ ಆಪರೇಷನ್ ಸರಿ ಆಗಿರ್ಲಿಲ್ವಾ ಅಂತ ಕೇಳಿದೆ. ಹಾಗೆ ಬೇರೆ ಮಾಡಿ ಹೇಳಲಿಕ್ಕೆ ಆಗುದಿಲ್ಲ ಅಂದ್ರು ಡಾಕ್ಟ್ರು. ಟೈಲ್ಸಿನ ಕೆಲಸ ಎಲ್ಲ ಕುಕ್ಕುರು ಕೂತೇ ಮಾಡುದಲ್ವಾ ನಮಿತಕ್ಕ."

ನಮಿತಾ ಅವಳ ಕೈ ಹಿಡಿದುಕೊಂಡಳು. ಹೇಳಬೇಕಾದದ್ದು ನಾಲಗೆಯ ತುದಿಗೆ ಬಂದಿತ್ತು. ಆಗ ನರ್ಸ್ ಕರೆದಳು, ಅಶ್ಮಿತಾ ಒಳಗೆ ಹೋದಳು. ಬಸ್ಸಿನಲ್ಲಿ ಹಿಂದೆ ಬರುವಾಗ, ನರ್ಸ್ ಕರೆದದ್ದು ಒಳ್ಳೆಯದೇ ಆಯಿತು ಎಂದು ತನ್ನ ಮನಸ್ಸು ಹಗುರಾದದ್ದನ್ನು ಗಮನಿಸಿ ನಮಿತಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹತ್ತು ದಿನ ಕಳೆದು ಅಶ್ಮಿತಾ ಅಂಗಡಿಗೆ ಬಂದಳು. ಕೂತವಳೇ, "ಆ ವಿಮಾನ ಕಂಪನಿಯವರಿಗೆ ಒಂದು ಕಂಪ್ಲೇಂಟ್ ಬರೀಬೇಕು. ನನಗೆ ಇಂಗ್ಲಿಷ್ ಅಷ್ಟು ಬರುದಿಲ್ಲ. ನೀವೇ ಬರೀರಿ," ಎಂದಳು. "ದೊಡ್ಡ ಸೀಟು ತೋರಿಸಿ ದುಡ್ಡು ತೆಗೊಂಡು, ನಮಗೆ ಒಂದು ಮಾತು ಹೇಳದೆ ವಿಮಾನ ಬದಲು ಮಾಡಿದ್ದಾರೆ. ಹೇಳಿದ್ರೆ ನಾವು ಬೇರೆ ಮಾಡ್ತಿರ್ಲಿಲ್ವಾ? ಬಳೆ ಮಾರಿಯಾದ್ರೂ ಆ ಇನ್ನೊಂದರಲ್ಲಿ ಕರ್ಕೊಂಡು ಬರ್ತಿದ್ದೆ."

ನಮಿತಾ ಕೀಬೋರ್ಡಿನ ಮೇಲೆ ಕೈ ಇಟ್ಟಳು. ಅಶ್ಮಿತಾ ಹೇಳಿದಂತೆ ಒಂದೊಂದೇ ಸಾಲು ಬರೆದಳು. ನಮಗೆ ಯಾವ ಸೂಚನೆಯೂ ಬಂದಿಲ್ಲ ಎಂಬ ಸಾಲನ್ನೂ ಬರೆದಳು. ಓದಿ ಹೇಳಿ ಎಂದು ಅವಳು ಕೇಳಿದಾಗ ಆ ಸಾಲನ್ನೂ ಓದಿ ಕನ್ನಡದಲ್ಲಿ ಹೇಳಿದಳು. ಅಶ್ಮಿತಾ, "ಹಾಂ, ಅದೇ," ಎಂದು ತಲೆಯಾಡಿಸಿದಳು. ಕಳುಹಿಸುವ ಗುಂಡಿಯನ್ನು ಒತ್ತಿದ್ದೂ ನಮಿತಾಳೇ.

ಕಂಪನಿಯ ಉತ್ತರ ಐದನೇ ದಿನಕ್ಕೆ ನಮಿತಾಳ ವಿಳಾಸಕ್ಕೆ ಬಂತು. ಆದ ತೊಂದರೆಗೆ ವಿಷಾದವಿದೆ. ವಿಮಾನದ ಬಗೆ ಬದಲಾದ ಸೂಚನೆಯನ್ನು ಇಂಥ ತಾರೀಕು ಮಧ್ಯಾಹ್ನ ಒಂದು ಗಂಟೆ ಹದಿನೇಳು ನಿಮಿಷಕ್ಕೆ ನಿಮ್ಮ ಏಜೆಂಟರಿಗೆ ಕಳುಹಿಸಿದ್ದೇವೆ. ಒಂದು ಗಂಟೆ ಹದಿನೆಂಟು ನಿಮಿಷಕ್ಕೆ ಅವರು ಒಪ್ಪಿದ್ದಾರೆ. ಪ್ರಯಾಣಿಕರು ಹತ್ತುವ ಮೊದಲು ಸಹಿ ಮಾಡಿದ ಪತ್ರವೂ ನಮ್ಮಲ್ಲಿದೆ.

ಆ ಸಂಜೆ ಅವಳು ಗಂಡ ಸುಜನನಿಗೆ ನಡೆದದ್ದನ್ನು ಹೇಳಿದಳು. ಸುಜನ ಸೊಸೈಟಿಯಲ್ಲಿ ಗುಮಾಸ್ತ, ಜಗಳಕ್ಕೆ ಹೋಗದ ಮನುಷ್ಯ. ಚಹಾದ ಲೋಟ ಕೆಳಗಿಟ್ಟ.

"ಉತ್ತರ ನಿನಗೊಬ್ಬಳಿಗೇ ಬಂದದ್ದಲ್ವಾ?" ಎಂದ.

"ಹೌದು."

"ಹಾಗಾದ್ರೆ ಕಂಪನಿಯವರು ಒಪ್ಪಲಿಲ್ಲ ಅಂತ ಹೇಳು. ಅಷ್ಟು ಸುಳ್ಳೂ ಅಲ್ಲ ಅದು. ನೀನು ಹೇಳಿದ್ರೆ ಅವನ ಕಾಲು ಸರಿ ಆಗ್ತದಾ? ಅಂಗಡಿ ಮಾತ್ರ ಹೋಗ್ತದೆ."

"ಅಂಗಡಿ ಹೋಗುದಕ್ಕೆ ಹೆದರಿಯೇ ನಾಲ್ಕು ದಿನ ಸುಮ್ಮನೆ ಕೂತದ್ದು," ಎಂದಳು ನಮಿತಾ.

"ಅಂಗಡಿಯ ಹೆದರಿಕೆ ಅಲ್ಲ ಅದು. ನನ್ನಿಂದ ತಪ್ಪಾಯ್ತು ಅಂತ ಒಬ್ಬರ ಹತ್ರ ಹೇಳಲಿಕ್ಕೆ ನಿನಗೆ ಆಗುದಿಲ್ಲ," ಎಂದ ಸುಜನ. ಬೈಗುಳದಂತೆ ಹೇಳಲಿಲ್ಲ. ಹದಿಮೂರು ವರ್ಷ ಜೊತೆಗಿದ್ದವನು ಕಂಡದ್ದನ್ನು ಹೇಳಿದ, ಅಷ್ಟೇ. ಆದರೆ ಆ ಮಾತು ಅವಳಿಗೆ ಒಳಗೆ ಎಲ್ಲಿಗೋ ಹೋಗಿ ನಾಟಿತು.

ಆಮೇಲಿನ ಒಂಬತ್ತು ದಿನ ಅವಳು ಕೆಲಸ ಮಾಡಿದಳು, ನಕ್ಕಳು, ಜನರಿಗೆ ವಿಮಾನ ಹೇಳಿದಳು. ಪ್ರತಿ ಟಿಕೆಟ್ ಮಾಡುವಾಗಲೂ ಬೆರಳು ಗುಂಡಿಯ ಮೇಲೆ ನಿಂತುಬಿಡುತ್ತಿತ್ತು. ಅಶ್ಮಿತಾ ಎರಡು ಸಲ ಫೋನು ಮಾಡಿ, "ಉತ್ತರ ಬಂತಾ?" ಎಂದು ಕೇಳಿದಳು. ಇನ್ನೂ ಇಲ್ಲ ಎಂದಳು ನಮಿತಾ. ಎರಡನೇ ಸಲ ಇಲ್ಲ ಎಂದಾಗ, ಅಶ್ಮಿತಾ, "ನಿಮಗೆ ನಮ್ಮಿಂದ ಎಷ್ಟು ಉಪದ್ರ," ಎಂದಳು.

ಮರುದಿನ ಬೆಳಿಗ್ಗೆ ನಮಿತಾ ಅಂಗಡಿ ತೆರೆಯಲಿಲ್ಲ. ಕಂಪನಿಯ ಉತ್ತರವನ್ನು ಮುದ್ರಿಸಿ, ಜೊತೆಗೆ ಒಂದು ಬಿಳಿ ಹಾಳೆಯಲ್ಲಿ ತನ್ನ ತಪ್ಪನ್ನು ಕನ್ನಡದಲ್ಲಿ ತಾನೇ ಬರೆದು ಸಹಿ ಹಾಕಿ, ಕಾರಡ್ಕಕ್ಕೆ ಹೋದಳು.

ಲತೇಶ ಜಗಲಿಯಲ್ಲಿ ಕುರ್ಚಿಯ ಮೇಲೆ ಕಾಲನ್ನು ಸ್ಟೂಲಿಗೆ ಚಾಚಿ ಕೂತಿದ್ದ. ಅಶ್ಮಿತಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. "ಬನ್ನಿ ನಮಿತಕ್ಕ, ಕೂತ್ಕೊಳ್ಳಿ, ಎಂತ ಕುಡೀತೀರಿ?" ಎಂದು ಕೈ ಒರೆಸಿಕೊಂಡು ಬಂದಳು.

"ಎಂತ ಬೇಡ. ನೀನು ಕೂತ್ಕೋ," ಎಂದು ನಮಿತಾ ನಿಂತೇ ಹೇಳತೊಡಗಿದಳು. ಸೀಮಂತದ ಊಟದಲ್ಲಿ ಬಂದ ಮಿಂಚಂಚೆಯಿಂದ ಹಿಡಿದು ಹೇಳಿದಳು. ಸಂಜೆ ನಕ್ಷೆ ನೋಡಿದ್ದನ್ನು, ನಾಲ್ಕು ಸಾಲು ಕಂಡದ್ದನ್ನು, ಅದರ ಅರ್ಥ ತನಗೆ ಗೊತ್ತಾದದ್ದನ್ನು ಹೇಳಿದಳು. ಕಂಪ್ಲೇಂಟಿನಲ್ಲಿ ಬರೆದದ್ದು ಸುಳ್ಳೆಂದು ಗೊತ್ತಿದ್ದೇ ಬರೆದೆ, ಉತ್ತರ ಬಂದು ಹತ್ತು ದಿನವಾಯಿತು ಎಂದಳು. ಎಲ್ಲಿಯೂ ಅಳಬಾರದು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದಳು, ಅಳಲಿಲ್ಲ.

ಲತೇಶನೇ ಮೊದಲು ಕೇಳಿದ.

"ನಾನು ವಿಮಾನದ ಬಾಗಿಲಲ್ಲಿ ಇದ್ದೆನಲ್ಲ. ಆಗ ಇವಳು ನಿಮಗೆ ಫೋನು ಮಾಡಿದಳು. ಆಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಬರಲಿಕ್ಕೆ ಹೇಳಿದ್ರಿ."

"ಹೌದು. ನೀನು ಇಳಿದ್ರೆ ಯಾಕೆ ಇಳಿದದ್ದು ಅಂತ ಎಲ್ಲರೂ ಹುಡುಕ್ತಾರೆ, ನನ್ನದು ಹೊರಗೆ ಬರ್ತದೆ ಅಂತ ಆಗ ಒಂದು ಕ್ಷಣ ಮನಸ್ಸಿಗೆ ಬಂತು ಲತೇಶ. ಅದೇ ನಿಜ."

ಈ ಮಾತನ್ನು ಅವಳು ಸುಜನನಿಗೂ ಹೇಳಿರಲಿಲ್ಲ. ಬಿಳಿ ಹಾಳೆಯಲ್ಲೂ ಬರೆದಿರಲಿಲ್ಲ.

ಲತೇಶ ತನ್ನ ಕಾಲನ್ನೇ ನೋಡುತ್ತ ಹೇಳಿದ: "ಆ ಕಾಗದಕ್ಕೆ ಸಹಿ ಹಾಕಿದ್ದು ನಾನು. ನನ್ನ ಕಾಲು, ನನ್ನ ನೋವು. ಮೊದಲ ಸಲ ಮಡಚುವಾಗಲೇ ಎಂತದೋ ಕಡಿದ ಹಾಗೆ ಆಯ್ತು, ಆಗಲೂ ಇಳೀಬಹುದಿತ್ತು. ನನಗೆ ಮನೆಗೆ ಬರಬೇಕಿತ್ತು. ಇನ್ನು ಮೂರು ದಿನ ಆ ಕೋಣೆಯಲ್ಲಿ ಇನ್ನೊಬ್ಬರ ಕೈಯಲ್ಲಿ ನೀರು ತರಿಸಿ ಕುಡೀಲಿಕ್ಕೆ ಮನಸ್ಸಿರಲಿಲ್ಲ. ನೀವು ಬೇಡ ಅಂದಿದ್ರೂ ಬರ್ತಿದ್ದೆನೋ ಏನೋ." ಸ್ಟೂಲಿನ ಮೇಲೆ ಕಾಲು ಸರಿಸಿಕೊಂಡು ಮುಂದುವರಿಸಿದ, "ಆದ್ರೆ ಅದು ನನ್ನ ಲೆಕ್ಕ. ಅದನ್ನು ತೆಗೆದು ನಿಮ್ಮದಕ್ಕೆ ಸಮ ಮಾಡ್ಬೇಡಿ."

"ಮಾಡುದಿಲ್ಲ," ಎಂದಳು ನಮಿತಾ.

ಅಶ್ಮಿತಾ ಎದ್ದು ಬಂದು ನಮಿತಾಳ ಕೈಯಿಂದ ಎರಡೂ ಕಾಗದಗಳನ್ನು ತೆಗೆದುಕೊಂಡಳು. ಬಿಳಿ ಹಾಳೆಯನ್ನು ಪೂರ್ತಿ ಓದಿದಳು, ಮಡಚಿದಳು.

"ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡಿರಿ," ಎಂದಳು. "ನಾನು ಅವತ್ತು ಅತ್ತೆಗೆ ಫೋನು ಮಾಡಿ ಹೇಳಿದೆ, ನಮಿತಕ್ಕನ ಹಾಗೆ ಯಾರೂ ಇಲ್ಲ ಅಂತ." ಅವಳ ದನಿ ಏರಲಿಲ್ಲ. "ನೀವು ಹೋಗಿ. ಇನ್ನು ಈ ಮನೆಗೆ ಬರಬೇಡಿ."

ನಮಿತಾ ಹೋದಳು.

ಆ ಬಿಳಿ ಹಾಳೆ ಗ್ರಾಹಕರ ಕೋರ್ಟಿಗೆ ಹೋಗುತ್ತದೆ ಎಂದು ಅವಳು ಕಾದಳು. ಅಂಚೆಯವನ ಬೈಕಿನ ಸದ್ದು ಕೇಳಿದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದಳು. ಮಳೆಗಾಲ ಬಂತು, ಹೋಯಿತು; ಯಾವ ನೋಟೀಸೂ ಬರಲಿಲ್ಲ. ಊರಿನಲ್ಲಿ ಸುದ್ದಿ ಹಬ್ಬೀತು ಎಂದುಕೊಂಡದ್ದೂ ಆಗಲಿಲ್ಲ. ಜನ ಎಂದಿನಂತೆ ಬಂದು, "ನೀವು ಹೇಳಿದ ವಿಮಾನವೇ ಆಗಲಿ," ಎನ್ನುತ್ತಿದ್ದರು. ಆ ಮಾತು ಕೇಳುವುದು ಅವಳಿಗೆ ನೋಟೀಸಿಗಿಂತ ಭಾರವಾಗುತ್ತಿತ್ತು. ಬದಲಾವಣೆಯ ಮಿಂಚಂಚೆ ಬಂದರೆ ಈಗ ಅವಳು ಐದು ನಿಮಿಷದ್ದಕ್ಕೂ ಫೋನು ಮಾಡುತ್ತಿದ್ದಳು. ಕೆಲವರು ಬೇಸರಪಟ್ಟುಕೊಂಡು ಪಕ್ಕದ ಅಂಗಡಿಗೆ ಹೋದರು.

ಲತೇಶನ ಮೊಣಕಾಲು ಅರ್ಧದಷ್ಟು ಮಡಚುವಲ್ಲಿಗೆ ನಿಂತಿತು. ಅವನು ಚೆರ್ಕಳದ ಒಂದು ಟೈಲ್ಸ್ ಅಂಗಡಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ಗಿರಾಕಿಗಳಿಗೆ ಮನೆಯ ಅಳತೆಗೆ ಎಷ್ಟು ಪೆಟ್ಟಿಗೆ ಬೇಕೆಂದು ಹೇಳುವ ಕೆಲಸಕ್ಕೆ ಸೇರಿದ. ಅವನು ಕೂರಿಸಿದ ನೆಲವನ್ನು ನೋಡಿದವರು, ಅಷ್ಟು ಸಪಾಟಾಗಿ ಕೂರಿಸುವ ಕೈ ಇನ್ನು ಸಿಗುವುದಿಲ್ಲ ಎಂದು ಮರುಗುತ್ತಿದ್ದರು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಲತೇಶನ ಫೋನು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ.

"ನನ್ನ ಹಳೆ ಕೆಲಸದ ಕಂಪನಿಯವರು ಲೆಕ್ಕ ತೀರಿಸುವ ಕಾಗದಪತ್ರಕ್ಕೆ ಶಾರ್ಜಾಕ್ಕೆ ಬಾ ಅಂತಿದ್ದಾರೆ ನಮಿತಕ್ಕ. ಟಿಕೆಟ್ ಕಾಸರಗೋಡಿನಲ್ಲಿ ಮಾಡಿಸ್ತೇವೆ, ಅಶ್ಮಿತಾ ಹಾಗೆ ಹೇಳಿದ್ದಾಳೆ. ಆ ಅಂಗಡಿಯವರು ಮರ್ಜಾನ್ ತೋರಿಸ್ತಿದ್ದಾರೆ, ದೊಡ್ಡ ಸೀಟು ಅಂತ ಹೇಳ್ತಾರೆ. ಹೌದಾ?"

ನಮಿತಾ ತಾರೀಕು ಕೇಳಿದಳು. ಎರಡು ದಿನ ಸಮಯ ಕೇಳಿದಳು. ಆ ಎರಡು ದಿನ ಮರ್ಜಾನ್‌ನ ಕಚೇರಿಗೆ ಮೂರು ಸಲ ಫೋನು ಮಾಡಿದಳು. ಕೊನೆಗೆ ಒಬ್ಬಳು ಹುಡುಗಿ, ಹೊರಡುವ ದಿನದವರೆಗೂ ವಿಮಾನ ಬದಲಾಗಬಹುದು, ನಾವು ಮಾತು ಕೊಡುವಂತಿಲ್ಲ ಎಂದಳು.

"ನನಗೆ ಗೊತ್ತಿಲ್ಲ ಲತೇಶ," ಎಂದು ನಮಿತಾ ಅವನಿಗೆ ಹೇಳಿದಳು. "ಈಗ ದೊಡ್ಡ ಸೀಟು ಕಾಣ್ತದೆ. ಅವತ್ತು ಎಂತ ಬರ್ತದೆ ಅಂತ ಯಾರೂ ಹೇಳಲಿಕ್ಕೆ ಆಗುದಿಲ್ಲ. ದರಿಯಾದಲ್ಲಿ ಒಂದೇ ಬಗೆ, ಆದ್ರೆ ಇಪ್ಪತ್ತಾರು ಸಾವಿರ ಜಾಸ್ತಿ. ನನ್ನ ಮಾತು ಕೇಳಿ ಮಾಡ್ಬೇಡ. ಕಾಲು ಎಷ್ಟು ಹೊತ್ತು ಮಡಚಿ ಕೂರ್ಲಿಕ್ಕೆ ಆಗ್ತದೆ ಅಂತ ನೋಡಿ ನೀವೇ ನಿಶ್ಚಯ ಮಾಡಿ."

"ಸರಿ," ಎಂದ ಲತೇಶ. ಮತ್ತೆ, "ಆ ಹಾಳೆ ಕಪಾಟಿನಲ್ಲಿ ಉಂಟು. ಅವಳು ಎಂತ ಮಾಡ್ತಾಳೆ ಅಂತ ನನಗೂ ಗೊತ್ತಿಲ್ಲ. ನಾನು ಕೇಳುದಿಲ್ಲ," ಎಂದು ಫೋನು ಇಟ್ಟ.

ಅವರು ದರಿಯಾದಲ್ಲೇ ಹೋದರೆಂದು ಆಮೇಲೆ ಸುಜನನಿಂದ ತಿಳಿಯಿತು. ಅವರು ಹೊರಟ ದಿನ ಬೆಳಿಗ್ಗೆ ನಮಿತಾ ಅಂಗಡಿಯ ಬಾಗಿಲು ತೆರೆಯುವಾಗ ಕಾಸರಗೋಡಿನ ಬಸ್ಸು ಬಂದು ನಿಂತಿತು. ಕಿಟಕಿಯ ಬದಿಯಲ್ಲಿ ಅಶ್ಮಿತಾ, ಪಕ್ಕದಲ್ಲಿ, ಬಸ್ಸಿನ ನಡುದಾರಿಗೆ ಕಾಲು ಚಾಚಿ ಲತೇಶ. ಅಶ್ಮಿತಾ ನಮಿತಾಳನ್ನು ನೇರವಾಗಿ ನೋಡಿದಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಬಸ್ಸು ಹೊರಡುವವರೆಗೆ ನಮಿತಾ ಆ ನೋಟವನ್ನು ತಪ್ಪಿಸದೆ ನಿಂತಳು. ಆಮೇಲೆ ಒಳಗೆ ಹೋಗಿ ಅವತ್ತಿನ ಮಿಂಚಂಚೆಗಳನ್ನು ಒಂದೊಂದಾಗಿ ತೆರೆದು ಓದತೊಡಗಿದಳು.